ಡನೀಡಿನ್ ಊರೂ ಚೆಂಡೆಸೆಯುವ ಹುಡುಗನೂ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಕಡಲೊಳಗೆ ತೋಳು ಚಾಚಿದಂತಿರುವ ಫ್ಲಾರಿಡಾ ರಾಜ್ಯದ ಪಶ್ಚಿಮ ತೀರದಲ್ಲಿ ಡನೀಡಿನ್ ಎಂಬ ಪುಟ್ಟ ಊರೊಂದಿದೆ. ಟ್ಯಾಂಪಾ ನಗರದಿಂದ ಅಲ್ಲಿಗೆ ಮೋಟಾರಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ಹಾದಿ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ನಗರವನ್ನು ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಕರೆಯುವ ಹೆಸರೇ ಇಲ್ಲಿ ಡನೀಡಿನ್ ಎಂದು ರೂಪಾಂತರ ಹೊಂದಿದೆ. 1882ರಲ್ಲಿ ಡಗ್ಲಸ್ ಮತ್ತು ಸಾಮರ್‌ವಿಲ್ ಎಂಬ ಇಬ್ಬರು ಸ್ಕಾಟಿಷ್ ವರ್ತಕರು ಈ ನೆಲೆಗೂ ಇಲ್ಲಿನ ಅಂಚೆ ಕಚೇರಿಗೂ ಈ ಹೆಸರನ್ನು ಇಟ್ಟರು. ಪರದೇಶಕ್ಕೆ ಹೋದವನು ತನ್ನ ಊರಿನ ಹೆಸರನ್ನು ಗಂಟುಕಟ್ಟಿಕೊಂಡೇ ಹೋಗುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ. ಈಗಲೂ ವರ್ಷಕ್ಕೊಮ್ಮೆ ಇಲ್ಲಿ ಸ್ಕಾಟಿಷ್ ಪದ್ಧತಿಯ ಕ್ರೀಡೋತ್ಸವ ನಡೆಯುತ್ತದೆ. ಹಿಂದೆ ಊರ ನಡುವೆ ಹಾದುಹೋಗಿದ್ದ ರೈಲುಹಾದಿಯ ಜಾಡಿನಲ್ಲಿ ಇಂದು ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಾದ ದಾರಿಯಿದೆ. ಜನಸಂಖ್ಯೆ ಮೂವತ್ತಾರು ಸಾವಿರದ ಆಸುಪಾಸು. ಪಶ್ಚಿಮಕ್ಕೆ ಮೆಕ್ಸಿಕೋ ಕೊಲ್ಲಿಯ ಶಾಂತವಾದ ನೀರು.

ಇಂತಹ ಊರಿಗೆ ಒಂದು ವಿಶೇಷವಿದೆ. ಕೆನಡಾ ದೇಶದ ಟೊರಾಂಟೋ ನಗರದ 'ಬ್ಲೂ ಜೇಸ್' ಎಂಬ ಬೇಸ್‌ಬಾಲ್ ತಂಡವು ತಾನು ಹುಟ್ಟಿದ 1977ರಿಂದಲೂ ಚಳಿಗಾಲದ ಕೊನೆಗೆ ಇಲ್ಲಿಗೇ ಬಂದು ತಾಲೀಮು ಮಾಡುತ್ತದೆ. ಡಗ್ಲಸ್ ಹೆಸರಿನ ರಸ್ತೆಯಲ್ಲಿರುವ ಮೈದಾನದಲ್ಲಿ ಎಂಟೂವರೆ ಸಾವಿರದಷ್ಟು ಜನ ಕೂಡಬಹುದು. ಕೊರೋನಾ ವ್ಯಾಧಿಯಿಂದ ಕೆನಡಾದ ಗಡಿ ಮುಚ್ಚಿದ್ದ 2021ರ ವಸಂತದಲ್ಲಿ ಆ ದೊಡ್ಡ ತಂಡದ ನಿಜವಾದ ಪಂದ್ಯಗಳೂ ಇಲ್ಲಿಯೇ ನಡೆದವು. ಮಾರ್ಚ್ ಕೊನೆಯಲ್ಲಿ ಖ್ಯಾತನಾಮರು ವಿಮಾನ ಹತ್ತಿ ಹೊರಟುಹೋದ ಮೇಲೆ ಮೈದಾನ ಬರಿದಾಗುವುದಿಲ್ಲ. ಅದೇ ಹೆಸರಿನ ಎಳೆಯರ ತಂಡವೊಂದು, ಡನೀಡಿನ್ ಬ್ಲೂ ಜೇಸ್, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾ ಸ್ಟೇಟ್ ಲೀಗಿನಲ್ಲಿ ಆಡುತ್ತದೆ. ನಾವು 2024ರ ಏಪ್ರಿಲ್‌ನಲ್ಲಿ ಆ ಊರನ್ನು ಕಂಡಾಗ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಎಳೆಯರ ಆಟ. ಆಟಕ್ಕಿಂತ ಹೆಚ್ಚಾಗಿ, ಆಡುವವರನ್ನು ಅಲ್ಲಿ ಪರೀಕ್ಷಿಸುವ ಕ್ರಮ.

ವಾಚಕರಿಗೆ ಹಿನ್ನೆಲೆ ಸ್ವಲ್ಪ ತಿಳಿದಿರಬೇಕು. ಅಮೆರಿಕದ ಬೇಸ್‌ಬಾಲ್ ಒಂದು ಏಣಿ. ತುದಿಯಲ್ಲಿ ಮೇಜರ್ ಲೀಗ್, ಅದರಲ್ಲಿ ಮೂವತ್ತು ತಂಡಗಳು. ಅವುಗಳ ಅಧೀನದಲ್ಲಿ ನಾಲ್ಕು ಮೆಟ್ಟಿಲುಗಳಾಗಿ ಒಟ್ಟು ನೂರಿಪ್ಪತ್ತು ಕಿರಿಯ ತಂಡಗಳು. ಇವುಗಳಿಗೆ ಮೈನರ್ ಲೀಗ್ ಎಂದು ಹೆಸರು. 2021ರಲ್ಲಿ ನಡೆದ ಪುನರ್ವಿಂಗಡಣೆಯಿಂದೀಚೆಗೆ ಡನೀಡಿನ್ ತಂಡ ಆ ನಾಲ್ಕರಲ್ಲಿ ಕೆಳಗಿನ ಮೆಟ್ಟಿಲು. ಪ್ರತಿವರ್ಷ ಇಪ್ಪತ್ತು ಸುತ್ತುಗಳಲ್ಲಿ ಶಾಲೆ ಕಾಲೇಜುಗಳ ಹುಡುಗರನ್ನು ಆರಿಸುತ್ತಾರೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಲಕ್ಷಾಂತರ ಡಾಲರು ಕೈಗೆ ಬರುತ್ತದೆ. ಕೊನೆಯ ಸುತ್ತುಗಳವನಿಗೆ ಹೆಚ್ಚಿನಂಶ ಅವಕಾಶವೇ ಸಂಭಾವನೆ. 2022ರವರೆಗೂ ಈ ಕೆಳಮೆಟ್ಟಿಲಿನ ಆಟಗಾರನ ವಾರ್ಷಿಕ ವೇತನ ಹನ್ನೊಂದು ಸಾವಿರ ಡಾಲರಿನಷ್ಟೇ ಇತ್ತು. 2023ರ ಒಪ್ಪಂದದಿಂದ ಅದು 26,200 ಡಾಲರಿಗೆ ಏರಿತು. ತುದಿಯಲ್ಲಿರುವವನಿಗೋ, 2024ರಲ್ಲಿ ಅತಿ ಕನಿಷ್ಠ ವೇತನವೇ 7,40,000 ಡಾಲರು. ಏಣಿಯ ಬುಡಕ್ಕೂ ತುದಿಗೂ ಇರುವ ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡರೆ, ಇಪ್ಪತ್ತು ದಾಟಿದ ಹುಡುಗನೊಬ್ಬನ ಬಗೆಗೆ ಯಾರೋ ಒಬ್ಬರು ಕಾಗದದ ಮೇಲೆ ಬರೆಯುವ ನಾಲ್ಕು ಸಾಲಿಗೆ ಎಷ್ಟು ತೂಕವಿದೆಯೆಂಬುದು ಅರಿವಾಗುತ್ತದೆ.

ಈ ಏಣಿಯ ಬುಡದಲ್ಲಿ ಇಬ್ಬರು ಭಾರತೀಯ ತರುಣರೂ ಒಮ್ಮೆ ನಿಂತಿದ್ದರು. ಉತ್ತರ ಪ್ರದೇಶದ ಹಳ್ಳಿಗಳಿಂದ ಬಂದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಇಬ್ಬರೂ ಭರ್ಜಿ ಎಸೆಯುವವರು. 2008ರಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ಸಾವಿರಾರು ಜನರ ನಡುವೆ ಇವರ ತೋಳಿನ ವೇಗ ಕಣ್ಣಿಗೆ ಬಿತ್ತು. ಅದೇ ವರ್ಷ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ತಂಡ ಇವರನ್ನು ಸೇರಿಸಿಕೊಂಡಿತು. ಆ ತಂಡದ ತರಬೇತಿ ನೆಲೆ ಬ್ರೇಡೆಂಟನ್. ಡನೀಡಿನ್‌ನಿಂದ ದಕ್ಷಿಣಕ್ಕೆ ಹೊರಟು, ಟ್ಯಾಂಪಾ ಕೊಲ್ಲಿಯ ಬಾಯನ್ನು ದಾಟಿಸುವ ಉದ್ದನೆಯ ಸೇತುವೆಯ ಆಚೆಗೆ ಹೋದರೆ ಸಿಗುವ ಊರು. 2009ರ ಜುಲೈಯಲ್ಲಿ ಇಬ್ಬರೂ ವೃತ್ತಿಪಂದ್ಯಗಳಲ್ಲಿ ಚೆಂಡೆಸೆದರು. 2010ರ ಕೊನೆಗೆ ದಿನೇಶರನ್ನು ತಂಡ ಬಿಟ್ಟುಕೊಟ್ಟಿತು. ರಿಂಕು ಇನ್ನೂ ಕೆಲವು ವರ್ಷ ಹೋರಾಡಿ, ತೋಳಿನ ಗಾಯಗಳಿಂದ ಹಿಂದೆ ಸರಿದು, 2018ರಲ್ಲಿ ಅಮೆರಿಕದ ಕುಸ್ತಿ ಪ್ರದರ್ಶನಗಳ ಸಂಸ್ಥೆಗೆ ಸೇರಿದರು. 2014ರಲ್ಲಿ ಬಂದ ಚಲನಚಿತ್ರ ಇವರ ಗೆಲುವಿನ ಭಾಗವನ್ನು ಹೇಳಿತು. ಉಳಿದ ಭಾಗವನ್ನು ಕೇಳುವವರು ಕಡಿಮೆ.

ಟ್ಯಾಂಪಾದಲ್ಲಿ ನಮಗೆ ಆತಿಥ್ಯ ನೀಡಿದವರು ಹಾವೇರಿಯ ಕಡೆಯಿಂದ ಹೋಗಿ ಬಹುಕಾಲದಿಂದ ಅಲ್ಲಿ ನೆಲೆಸಿರುವ ಗೃಹಸ್ಥರು. ಅವರ ನೆರೆಮನೆಯಲ್ಲಿ ಎಂಬತ್ತರ ವೃದ್ಧರೊಬ್ಬರಿದ್ದರು. ಜೀವಮಾನವೆಲ್ಲ ಅವರ ಉದ್ಯೋಗ ಒಂದೇ: ಊರೂರು ಸುತ್ತಿ ಚೆಂಡೆಸೆಯುವ ಹುಡುಗರನ್ನು ನೋಡಿ ಅಭಿಪ್ರಾಯ ಬರೆದುಕೊಡುವುದು. ಅಲ್ಲಿ ಅಂಥವರನ್ನು ಸ್ಕೌಟ್ ಎನ್ನುತ್ತಾರೆ. ನಿವೃತ್ತರಾದ ಮೇಲೂ ಅವರ ಅಂಗಿಯ ಜೇಬಿನಲ್ಲಿ ಪುಟ್ಟ ಪುಸ್ತಕವೂ ಸೀಸದ ಕಡ್ಡಿಯೂ ಇದ್ದೇ ಇರುತ್ತವೆ. ಒಂದು ಸಂಜೆ ಅವರೂ, ಆತಿಥೇಯರೂ, ಹೈಸ್ಕೂಲಿನಲ್ಲಿ ಓದುತ್ತಿರುವ ಅವರ ಮಗಳೂ ನಮ್ಮನ್ನು ಡನೀಡಿನ್ ಮೈದಾನಕ್ಕೆ ಕರೆದೊಯ್ದರು. ಆ ಮಗು ಶಾಲೆಯಲ್ಲಿ ಇದೇ ಬಗೆಯ ಆಟ ಆಡುವವಳಾದ್ದರಿಂದ ಅಜ್ಜನ ಮಾತನ್ನು ಚೊಕ್ಕ ಕನ್ನಡದಲ್ಲಿ ನಮಗೆ ಬಿಡಿಸಿ ಹೇಳಿದಳು. ಅಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಧಾರವಾಡ ಸೀಮೆಯ ಮಾತು ಕೇಳುವುದು ಒಂದು ಸುಖ. ಅದನ್ನು ಇಲ್ಲಿ ಹೇಳದೆ ಇರಲಾರೆವು.

ಕ್ರಿಕೆಟ್ ಬಲ್ಲವರಿಗೆ ಈ ಆಟದ ಮರ್ಮ ಬೇಗ ತಿಳಿಯುತ್ತದೆ. ಎಸೆಯುವವನಿಗೆ ಇಲ್ಲಿ ಪಿಚರ್ ಎಂದು ಹೆಸರು. ಅವನು ಓಡಿ ಬರುವಂತಿಲ್ಲ. ಹತ್ತು ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ ಎಸೆಯಬೇಕು. ಚೆಂಡು ನೆಲ ಮುಟ್ಟದೆ ಬ್ಯಾಟುಗಾರನನ್ನು ತಲುಪಬೇಕು. ನಡುವಣ ದೂರ ಅರವತ್ತು ಅಡಿ ಆರು ಅಂಗುಲ. 1893ರಿಂದ ಅದು ಬದಲಾಗಿಲ್ಲ. ಗುರಿಯೆಂದರೆ ಹದಿನೇಳು ಅಂಗುಲ ಅಗಲದ ಹಲಗೆಯ ಮೇಲಣ, ಬ್ಯಾಟುಗಾರನ ಮೊಣಕಾಲಿನಿಂದ ಎದೆಯವರೆಗಿನ ಆಕಾಶ. ಆ ಚೌಕದ ಹೊರಗೆ ಬ್ಯಾಟುಗಾರ ಮುಟ್ಟದೆ ಬಿಟ್ಟ ಚೆಂಡು ನಾಲ್ಕಾದರೆ, ಅವನು ಬೆವರು ಸುರಿಸದೆ ಮೊದಲನೆಯ ನೆಲೆಗೆ ನಡೆದುಹೋಗುತ್ತಾನೆ. ಇದಕ್ಕೆ 'ವಾಕ್' ಎನ್ನುತ್ತಾರೆ. ಗಂಟೆಗೆ ತೊಂಬತ್ತೈದು ಮೈಲಿ ವೇಗದ ಚೆಂಡು ಬ್ಯಾಟುಗಾರನನ್ನು ಮುಟ್ಟಲು ಬೇಕಾಗುವುದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು. ಎಸೆಯುವವನ ಬೆರಳು ಕೂದಲೆಳೆಯಷ್ಟು ತಡವಾಗಿ ಸಡಿಲಿದರೂ ಅಲ್ಲಿ ಗುರಿ ತಪ್ಪಿಹೋಗಿರುತ್ತದೆ.

ಆ ಸಂಜೆ ದಿಬ್ಬ ಏರಿದವನು ಇಪ್ಪತ್ತೊಂದರ ಹರೆಯದ, ಎತ್ತರದ ಹುಡುಗ. ಹಿಂದಿನ ವರ್ಷದ ಆಯ್ಕೆಯಲ್ಲಿ ಬಹಳ ಕೆಳಗಿನ ಸುತ್ತಿನಲ್ಲಿ ಬಂದವನೆಂದೂ, ಈ ಋತುವಿನಲ್ಲಿ ಇದುವರೆಗೆ ಪೆಟ್ಟು ತಿಂದಿದ್ದಾನೆಂದೂ ಅಜ್ಜ ಹೇಳಿದರು. ಹೆಸರು ನಮಗೆ ಗೊತ್ತು, ಬರೆಯುವುದು ಉಚಿತವಲ್ಲ. ಪ್ರೇಕ್ಷಕರು ಕೆಲವು ನೂರು ಜನ. ಮೊದಲ ಇನ್ನಿಂಗ್ಸಿನಲ್ಲಿ ಆತ ಮೂವರನ್ನು ಹತ್ತು ನಿಮಿಷದೊಳಗೆ ಕಳುಹಿಸಿದ. ನಮಗೆ ಬಲು ಸಂತೋಷವಾಯಿತು. ಅಜ್ಜ ಏನನ್ನೂ ಬರೆಯಲಿಲ್ಲ. ಎರಡನೆಯದರಲ್ಲಿ ಒಬ್ಬನಿಗೆ ವಾಕ್ ಕೊಟ್ಟ. ಆಗ ಅವರು ಕನ್ನಡಕ ಸರಿಪಡಿಸಿಕೊಂಡರು. ಮುಂದಿನವನಿಗೂ ವಾಕ್. ಅದರ ಮುಂದಿನವನು ಬಾರಿಸಿದ್ದು ಇಬ್ಬರು ಕ್ಷೇತ್ರರಕ್ಷಕರ ನಡುವೆ ಮೆತ್ತಗೆ ಉರುಳಿ ಹೋಯಿತು. ಒಬ್ಬ ಎಡವಿದ, ಎರಡು ಓಟ ಬಂದವು. ಹಲಗೆಯ ಮೇಲೆ ಅಂಕಿ ಬದಲಾಯಿತು.

ಅಜ್ಜ ಹಲಗೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಅವರು ಹೇಳಿದ ಮಾತಿನ ಸಾರವಿಷ್ಟು. ಉರುಳಿದ ಆ ಚೆಂಡು ಹುಡುಗನ ದೋಷವಲ್ಲ; ಮೇಲಿನ ತಂಡದಲ್ಲಾಗಿದ್ದರೆ ಅದನ್ನು ಹಿಡಿಯುತ್ತಿದ್ದರು. ಕೆಳಮೆಟ್ಟಿಲಿನಲ್ಲಿ ಕ್ಷೇತ್ರರಕ್ಷಕರೂ ಕಲಿಯುತ್ತಿರುವ ಹುಡುಗರೇ. ಆದುದರಿಂದ ಎಷ್ಟು ಓಟ ಕೊಟ್ಟನೆಂಬುದು ಇಲ್ಲಿ ಎಲ್ಲಕ್ಕಿಂತ ದುರ್ಬಲವಾದ ಸಾಕ್ಷ್ಯ. ಆದರೆ ಆ ಎರಡು ವಾಕ್‌ಗಳು ಅವನವೇ. ಅವುಗಳಲ್ಲಿ ಯಾರ ಪಾಲೂ ಇಲ್ಲ.

ಮುದುಕರು ಅನುಭವದಿಂದ ಹೇಳಿದ ಈ ಸಂಗತಿಯನ್ನು ವೋರೋಸ್ ಮೆಕ್ರಾಕೆನ್ ಎಂಬವರು 2001ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದ್ದರು. ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡು ಹಿಡಿಯಲ್ಪಡುತ್ತದೆಯೋ ಇಲ್ಲವೋ ಎಂಬುದರಲ್ಲಿ ಎಸೆಯುವವನ ಹಿಡಿತ ಜನ ತಿಳಿದುದಕ್ಕಿಂತ ಬಹಳ ಕಡಿಮೆ. ಅವನನ್ನು ಅಳೆಯಬೇಕಾದರೆ ಎಷ್ಟು ಜನರನ್ನು ಬ್ಯಾಟು ಮುಟ್ಟಿಸದೆ ಕಳುಹಿಸಿದ, ಎಷ್ಟು ಜನರಿಗೆ ವಾಕ್ ಕೊಟ್ಟ, ಎಷ್ಟು ಚೆಂಡು ಬೇಲಿ ದಾಟಿದವು ಎಂಬುದನ್ನು ನೋಡಿ ಎಂದರು. ಪಂಡಿತರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ಎಲ್ಲ ಶಾಸ್ತ್ರಗಳಲ್ಲಿಯೂ ಇದೇ ಕ್ರಮ.

ಇನ್ನು ಸ್ಕೌಟರ ಅಳತೆಗೋಲು. ನಮ್ಮ ಪರೀಕ್ಷೆಗಳಲ್ಲಿ ಸೊನ್ನೆಯಿಂದ ನೂರು. ಅವರಲ್ಲಿ ಇಪ್ಪತ್ತರಿಂದ ಎಂಬತ್ತು. ಐವತ್ತೆಂದರೆ ಮೇಜರ್ ಲೀಗಿನ ಸಾಧಾರಣ ಮಟ್ಟ. ಎಂಬತ್ತು ಅಪರೂಪ. ನೇರ ವೇಗದ ಚೆಂಡಿಗೆ ಒಂದು ಅಂಕ, ಬಾಗುವ ಚೆಂಡಿಗೆ ಒಂದು, ನಿಧಾನದ ಮೋಸದ ಚೆಂಡಿಗೆ ಒಂದು, ಹಿಡಿತಕ್ಕೆ ಒಂದು. ಸ್ವಾರಸ್ಯವೆಂದರೆ ಪ್ರತಿಯೊಂದಕ್ಕೂ ಎರಡು ಅಂಕ ಬರೆಯುತ್ತಾರೆ: ಇಂದಿನದು ಒಂದು, ಮುಂದೆ ಆಗಬಹುದಾದದ್ದು ಇನ್ನೊಂದು. ಮೊದಲನೆಯದನ್ನು ಯಂತ್ರವೂ ಹೇಳೀತು. ಚೆಂಡಿನ ವೇಗ, ಅದು ತಿರುಗುವ ಸುತ್ತು, ಕೈಯಿಂದ ಸಡಿಲಿದ ಎತ್ತರ ಎಲ್ಲವನ್ನೂ ಕ್ಯಾಮೆರಾಗಳು ಇಂದು ಅಳೆಯುತ್ತವೆ. ಈ ಲೀಗಿನ ಬಹುತೇಕ ಮೈದಾನಗಳಲ್ಲಿ 2021ರಲ್ಲಿ ಚೆಂಡು ಚೌಕದ ಒಳಗೋ ಹೊರಗೋ ಎಂದು ತೀರ್ಪು ಹೇಳಿದ್ದೂ ಯಂತ್ರವೇ. ಅಜ್ಜನಿಗೆ ಯಂತ್ರದ ಮೇಲೆ ಸಿಟ್ಟಿಲ್ಲ, ನಲವತ್ತು ವರ್ಷ ತಾನು ಊಹಿಸಿದ್ದನ್ನು ಅದು ಕ್ಷಣದಲ್ಲಿ ಹೇಳುತ್ತದೆ ಎಂದು ಮೆಚ್ಚಿಯೇ ಮಾತಾಡಿದರು. ಎರಡನೆಯ ಅಂಕದಲ್ಲಿಯೇ ಹುಡುಗನ ಬದುಕು ಇರುವುದು.

ಎರಡನೆಯ ಇನ್ನಿಂಗ್ಸಿನಿಂದ ಮುಂದಕ್ಕೆ ಅವರು ನಮಗೆ ಒಂದನ್ನೇ ನೋಡಲು ಹೇಳಿದರು: ನೆಲೆಗಳಲ್ಲಿ ಎದುರಾಳಿ ಯಾರೂ ಇಲ್ಲದಾಗ ಹುಡುಗನ ಎಡ ಭುಜ, ಯಾರಾದರೂ ನಿಂತಿರುವಾಗ ಅದೇ ಭುಜ. ನೆಲೆ ಬರಿದಿರುವಾಗ ಅವನು ನಿಧಾನವಾಗಿ ಕಾಲೆತ್ತಿ, ಮೈತಿರುಗಿಸಿ, ಭುಜವನ್ನು ಬ್ಯಾಟುಗಾರನ ಕಡೆಗೆ ಮುಚ್ಚಿಟ್ಟುಕೊಂಡು ಕೊನೆಯ ಗಳಿಗೆಯಲ್ಲಿ ಬಿಚ್ಚುತ್ತಿದ್ದ. ಚೆಂಡು ಹೇಳಿದಲ್ಲಿಗೆ ಹೋಗುತ್ತಿತ್ತು. ಮೊದಲ ನೆಲೆಯಲ್ಲಿ ಓಟಗಾರನಿದ್ದರೆ ಅವನು ಕದ್ದು ಓಡದಂತೆ ಕ್ರಿಯೆಯನ್ನು ಮೊಟಕು ಮಾಡಬೇಕಾಗುತ್ತದೆ. ಆಗ ಈತನ ಭುಜ ಬೇಗ ತೆರೆದುಕೊಳ್ಳುತ್ತಿತ್ತು, ಕೈ ಹಿಂದುಳಿಯುತ್ತಿತ್ತು, ಚೆಂಡು ಬಲಕ್ಕೆ ಮೇಲಕ್ಕೆ ಹಾರುತ್ತಿತ್ತು. ಹತ್ತು ಹನ್ನೆರಡು ಚೆಂಡು ನೋಡಿದ ಮೇಲೆ ನಮ್ಮಂತಹ ಹೊರಗಿನವರ ಕಣ್ಣಿಗೂ ಅದು ಸ್ಪಷ್ಟವಾಯಿತು. ಒಂದು ವಾಕ್ ಕೊಟ್ಟರೆ ಎರಡನೆಯದು ತಾನೇ ಹುಟ್ಟಿಕೊಳ್ಳುವುದು ಇದರಿಂದ. ಆತ ಅಧೈರ್ಯದ ಹುಡುಗ, ಒತ್ತಡದಲ್ಲಿ ಕುಸಿಯುತ್ತಾನೆ ಎಂದು ತಂಡದಲ್ಲಿ ಮಾತಿತ್ತಂತೆ. ಅಜ್ಜ ಇದನ್ನು ಒಪ್ಪಲಿಲ್ಲ. ಭುಜದ ದೋಷಕ್ಕೆ ಮನಸ್ಸಿನ ಹೆಸರಿಡುವುದು ಸೋಮಾರಿ ಪರೀಕ್ಷಕನ ಕೆಲಸ ಎಂದರು. ಆದರೆ ಮನಸ್ಸಿನ ದೋಷಕ್ಕೆ ಭುಜದ ಹೆಸರಿಡುವುದೂ ಉಂಟು ಎಂದು ಕೂಡಲೇ ಸೇರಿಸಿದರು.

ಹಾಗೆ ಹೇಳಿದವರು ಎದುರಿಗಿದ್ದ ದಿಬ್ಬವನ್ನು ತೋರಿಸಿ ರಾಯ್ ಹ್ಯಾಲಡೇ ಅವರ ವಿಚಾರ ತೆಗೆದರು. ಡನೀಡಿನ್ ಊರಿನ ಕಥೆ ಬರೆಯುವವರು ಇದನ್ನು ಬಿಡುವಂತೆಯೇ ಇಲ್ಲ. ಕೊಲರಾಡೋ ರಾಜ್ಯದ ಈ ಆರೂವರೆ ಅಡಿಯ ಹುಡುಗನನ್ನು 1995ರಲ್ಲಿ ಟೊರಾಂಟೋ ಮೊದಲ ಸುತ್ತಿನಲ್ಲಿಯೇ ಆರಿಸಿತ್ತು. 1998ರ ಸೆಪ್ಟೆಂಬರ್ 27ರಂದು, ಮೇಜರ್ ಲೀಗಿನಲ್ಲಿ ತನ್ನ ಎರಡನೆಯ ಪಂದ್ಯ ಆರಂಭಿಸಿದ ಇಪ್ಪತ್ತೊಂದರ ಆತ, ಕೊನೆಯ ಇನ್ನಿಂಗ್ಸಿನ ಕೊನೆಯ ಬ್ಯಾಟುಗಾರನವರೆಗೂ ಎದುರಾಳಿಗಳಿಗೆ ಒಂದೇ ಒಂದು ಶುದ್ಧ ಹೊಡೆತ ಬಿಟ್ಟುಕೊಟ್ಟಿರಲಿಲ್ಲ. ದೊಡ್ಡ ಭವಿಷ್ಯ ಎಂದು ಎಲ್ಲರೂ ಬರೆದರು. ಎರಡೇ ವರ್ಷದಲ್ಲಿ, 2000ದಲ್ಲಿ, ಅದೇ ತೋಳು ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 10.64 ಓಟ ಕೊಟ್ಟಿತು. ಒಂದು ಋತುವಿನಲ್ಲಿ ಐವತ್ತು ಇನ್ನಿಂಗ್ಸಿಗೆ ಮೇಲ್ಪಟ್ಟು ಎಸೆದವರಲ್ಲಿ ಅಷ್ಟು ಕೆಟ್ಟ ಲೆಕ್ಕ ಆವರೆಗಿನ ಇತಿಹಾಸದಲ್ಲಿಯೇ ಇರಲಿಲ್ಲ.

2001ರ ವಸಂತದಲ್ಲಿ ತಂಡ ಆತನನ್ನು ಏಣಿಯ ತುದಿಯಿಂದ ನೇರವಾಗಿ ಡನೀಡಿನ್‌ಗೆ ಇಳಿಸಿತು. ನಡುವಣ ಮೆಟ್ಟಿಲುಗಳೂ ಅವನಿಗೆ ಎತ್ತರವಾದುವು ಎಂಬಂತೆ. ಮೆಲ್ ಕ್ವೀನ್ ಎಂಬ ಹಿರಿಯ ತರಬೇತುದಾರರಿಗೆ ಅವನನ್ನು ಒಪ್ಪಿಸಿದರು. ವೇಗ ತೊಂಬತ್ತೈದು ಮೈಲಿ ಇದ್ದರೂ ಚೆಂಡು ದಾರದ ಹಾಗೆ ನೇರ ಬರುತ್ತಿದೆ, ಅಲುಗಾಟವಿಲ್ಲ, ಎತ್ತರದಲ್ಲಿ ಬರುತ್ತಿದೆ ಎಂಬುದು ಕ್ವೀನರ ನಿದಾನ. ತಲೆಯ ಮೇಲಿಂದ ಬರುತ್ತಿದ್ದ ಕೈಯನ್ನು ಓರೆಗೆ ಇಳಿಸಿದರು. ಇಳಿಯುತ್ತ ಬಾಗುವ ಚೆಂಡು, ಕೊನೆಯಲ್ಲಿ ಕೊಯ್ದಂತೆ ಸರಿಯುವ ಚೆಂಡು, ಇವೆರಡು ಅವನ ಹೊಸ ಆಯುಧಗಳಾದವು. ಅದೇ ಕಾಲದಲ್ಲಿ ಆತನ ಪತ್ನಿ ಹಾರ್ವಿ ಡಾರ್ಫ್‌ಮನ್ ಎಂಬವರು ಚೆಂಡೆಸೆಯುವವರ ಮನಸ್ಸಿನ ಕುರಿತು ಬರೆದ ಪುಸ್ತಕವೊಂದನ್ನು ತಂದುಕೊಟ್ಟರು. ತನ್ನನ್ನು ಉಳಿಸಿದ್ದರಲ್ಲಿ ಅದಕ್ಕೂ ಪಾಲುಂಟೆಂದು ಹ್ಯಾಲಡೇ ಆಮೇಲೆ ಹೇಳುತ್ತಿದ್ದರು. ಭುಜವೋ ಮನಸ್ಸೋ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಎರಡೂ ಎಂಬುದೇ. ಅದೇ ವರ್ಷದ ಮಧ್ಯಭಾಗಕ್ಕೆ ಆತ ಮತ್ತೆ ಟೊರಾಂಟೋದಲ್ಲಿದ್ದ. 2003ರಲ್ಲಿಯೂ 2010ರಲ್ಲಿಯೂ ವರ್ಷದ ಶ್ರೇಷ್ಠ ಪಿಚರ್ ಎಂಬ ಪ್ರಶಸ್ತಿ. 2010ರ ಮೇ 29ರಂದು ಎದುರಾಳಿಗಳಲ್ಲಿ ಒಬ್ಬನೂ ನೆಲೆ ಮುಟ್ಟದಂತೆ ಇಡೀ ಪಂದ್ಯ. ಒಟ್ಟು 203 ಗೆಲುವು. 2017ರ ನವೆಂಬರ್ 7ರಂದು, ಡನೀಡಿನ್‌ನ ಉತ್ತರಕ್ಕೆ ಇದೇ ತೀರದ ಕಡಲಿನಲ್ಲಿ, ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ಬಿದ್ದು ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. 2019ರಲ್ಲಿ ಕೀರ್ತಿಮಂದಿರಕ್ಕೆ ಅವರ ಹೆಸರು ಸೇರಿದಾಗ ಮಾತಾಡಿದವರು ಆ ಪತ್ನಿಯೇ.

ಈ ಕಥೆಯನ್ನು ಅಲ್ಲಿಯ ಜನ ಛಲದ ಕಥೆಯೆಂದು ಹೇಳುತ್ತಾರೆ. ನಮಗೆ ಇನ್ನೊಂದು ಸಂಗತಿ ಕಂಡಿತು. ಹ್ಯಾಲಡೇ ಅವರಿಗೆ ಛಲವಿತ್ತು, ನಿಜ. ಜೊತೆಗೆ ಕಾಲಾವಕಾಶವೂ ದೊರೆಯಿತು. ಮೊದಲ ಸುತ್ತಿನ ಆಯ್ಕೆಗೆ ಸುರಿದ ಹಣವನ್ನು ಅಷ್ಟು ಬೇಗ ಬರೆದುಹಾಕಲು ಯಾವ ಯಜಮಾನನೂ ಒಪ್ಪುವುದಿಲ್ಲ. ಆದುದರಿಂದ ಕೆಳಗಿಳಿಸಿದರು, ಕಲಿಸಿದರು, ಕಾದರು. ಅದೇ ಲೆಕ್ಕ ಇಪ್ಪತ್ತನೆಯ ಸುತ್ತಿನವನದಾಗಿದ್ದರೆ ಒಂದು ಬೆಳಿಗ್ಗೆ ಕರೆದು ಕೈಕುಲುಕಿ ಬಸ್ಸಿನ ಚೀಟಿ ಕೊಡುತ್ತಿದ್ದರು. ಪರೀಕ್ಷಕನ ಕಣ್ಣು ಎಷ್ಟೇ ನಿಷ್ಪಕ್ಷಪಾತವಾಗಿರಲಿ, ತಾಳ್ಮೆಯನ್ನು ಹಂಚುವುದು ಖಜಾನೆ.

ತಾಳ್ಮೆಯಿದ್ದೂ ಫಲಿಸದ ಉದಾಹರಣೆಯನ್ನು ಅಜ್ಜನೇ ಕೊಟ್ಟರು. ಕನೆಕ್ಟಿಕಟ್‌ನ ಸ್ಟೀವ್ ಡಾಲ್ಕೌಸ್ಕಿ. ಅವನಿಗಿಂತ ವೇಗವಾಗಿ ಎಸೆದವರಿಲ್ಲವೆಂದು ಕಂಡವರೆಲ್ಲ ಹೇಳುತ್ತಿದ್ದರಂತೆ. 1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ತಂಡದಲ್ಲಿ 170 ಇನ್ನಿಂಗ್ಸು ಎಸೆದು 262 ಮಂದಿಯನ್ನು ಬ್ಯಾಟು ಮುಟ್ಟಿಸದೆ ಕಳುಹಿಸಿದ; ಅಷ್ಟೇ, ಸರಿಯಾಗಿ 262 ವಾಕ್‌ಗಳನ್ನೂ ಕೊಟ್ಟ. ತರಬೇತುದಾರರು ಒಬ್ಬರ ಮೇಲೊಬ್ಬರು ಬಂದು ಬುದ್ಧಿ ಹೇಳಿದರು. 1962ರಲ್ಲಿ ಎಲ್ಮೈರಾ ಊರಿನ ತಂಡದಲ್ಲಿ ಅರ್ಲ್ ವೀವರ್ ಎಂಬವರು ಹೇಳುವುದನ್ನು ಕಡಿಮೆ ಮಾಡಿದರು. ಆಗ 160 ಇನ್ನಿಂಗ್ಸಿಗೆ ವಾಕ್ 114ಕ್ಕೆ ಇಳಿಯಿತು. ಮರುವರ್ಷ ಮಾರ್ಚಿನಲ್ಲಿ, ಇನ್ನೇನು ಮೇಜರ್ ಲೀಗಿಗೆ ಏರಬೇಕು ಎನ್ನುವಾಗ, ತೋಳು ಕೆಟ್ಟಿತು. ಒಮ್ಮೆಯೂ ಮೇಲಿನ ಮೆಟ್ಟಿಲು ಮುಟ್ಟದೆ, 2020ರಲ್ಲಿ ತಮ್ಮ ಹುಟ್ಟೂರಿನಲ್ಲಿ ಕೊರೋನಾದಿಂದ ನಿಧನರಾದರು.

ನಾಲ್ಕನೆಯ ಇನ್ನಿಂಗ್ಸಿನಲ್ಲಿ ನಮ್ಮ ಹುಡುಗನಿಂದ ಚೆಂಡು ತೆಗೆದುಕೊಂಡರು. ತರಬೇತುದಾರ ದಿಬ್ಬದವರೆಗೆ ನಡೆದುಬಂದು ಕೈ ಚಾಚಿದರೆ ಪಿಚರ್ ಚೆಂಡನ್ನು ಅಂಗೈಗೆ ಇಟ್ಟು ಹೊರಟುಬಿಡಬೇಕು; ಮಾತಿಗೆ ಅವಕಾಶವಿಲ್ಲ. ಅವನು ತಲೆ ತಗ್ಗಿಸದೆ ನಡೆದು ಬಂದ. ಕೈಗವಸನ್ನು ಒಗೆಯಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತು, ತನ್ನ ಬದಲಿಗೆ ಬಂದವನ ಎಸೆತವನ್ನು ನೋಡತೊಡಗಿದ. ಅಜ್ಜ ದೂರದರ್ಶಕದಿಂದ ಇದನ್ನೂ ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ನಮ್ಮ ಹಿಂದಿನ ಸಾಲಿನಲ್ಲಿ ನಡುವಯಸ್ಸಿನ ದಂಪತಿಗಳಿಬ್ಬರು ಅಲ್ಲಿಯವರೆಗೆ ಮಾತಿಲ್ಲದೆ ಕುಳಿತಿದ್ದವರು, ಆಗ ಎದ್ದು ಹೊರಗೆ ಹೋದರು. ಹುಡುಗನ ತಂದೆತಾಯಿಯರೆಂದು ಆಮೇಲೆ ತಿಳಿಯಿತು. ಹದಿನಾಲ್ಕು ಗಂಟೆ ಕಾರು ನಡೆಸಿಕೊಂಡು ಬಂದಿದ್ದರಂತೆ.

ಹಿಂದಿರುಗುವಾಗ, ನೀವೇ ಈಗ ವರದಿ ಬರೆಯುವುದಾದರೆ ಏನೆಂದು ಬರೆಯುವಿರಿ ಎಂದು ನಾವು ಕೇಳಿದೆವು. ಕಾರಿನ ಪುಟ್ಟ ದೀಪದಡಿ ಪುಸ್ತಕ ಬಿಚ್ಚಿ ಓದಿದರು. ನೇರ ಚೆಂಡು: ಇಂದು ಐವತ್ತು, ಮುಂದೆ ಐವತ್ತೈದು. ಬಾಗುವ ಚೆಂಡು: ನಲವತ್ತೈದು, ಎಸೆಯುವಾಗ ಕೈ ನಿಧಾನವಾಗುವುದರಿಂದ ಬ್ಯಾಟುಗಾರನಿಗೆ ಮೊದಲೇ ತಿಳಿಯುತ್ತದೆ, ತಿದ್ದಬಹುದು. ಹಿಡಿತ: ಇಂದು ಮೂವತ್ತು. ಅದರ ಮುಂದಿನ ಅಂಕದ ಜಾಗ ಖಾಲಿಯಿತ್ತು. ಕೆಳಗೆ ಎರಡು ಸಾಲು: ಓಟಗಾರ ಇದ್ದರೂ ಇಲ್ಲದಿದ್ದರೂ ಒಂದೇ ಬಗೆಯ ಮೊಟಕು ಕ್ರಿಯೆಯಿಂದ ಎಸೆಯಲಿ, ಪಂದ್ಯದ ಆರಂಭಕ್ಕೆ ಬೇಡ, ಕೊನೆಯ ಒಂದೆರಡು ಇನ್ನಿಂಗ್ಸಿಗೆ ಕರೆದು ಇನ್ನೊಂದು ವರ್ಷ ನೋಡಿ. ಖಾಲಿ ಬಿಟ್ಟ ಜಾಗವನ್ನು ಬೆರಳಿಟ್ಟು ತೋರಿಸಿದೆವು. ಅದನ್ನು ಆಗಸ್ಟಿನಲ್ಲಿ ತುಂಬುತ್ತೇನೆ ಎಂದರು, ಅಲ್ಲಿಯವರೆಗೆ ಅವನನ್ನು ಇಟ್ಟುಕೊಂಡಿದ್ದರೆ.